ಕಂಪ್ಯೂಟರಿನ ಬೆನ್ನು ಬಿಚ್ಚಿದ ಭಾನುವಾರ

ನಮ್ಮ ಮನೆಗೆ ಕಂಪ್ಯೂಟರ್ ಬಂದದ್ದು ಬಸ್ಸಿನಲ್ಲಿ, ನಮ್ಮ ಯಜಮಾನರ ತೊಡೆಯ ಮೇಲೆ ಕೂತು. ಬೆಂಗಳೂರಿನಲ್ಲಿ ಯಾವುದೋ ಕಚೇರಿಯವರು ಹಳೆಯ ಯಂತ್ರಗಳನ್ನೆಲ್ಲ ತೆಗೆದುಹಾಕುತ್ತಿದ್ದಾರೆಂದು ಇವರ ಸ್ನೇಹಿತರೊಬ್ಬರು ಹೇಳಿದ್ದರು. ಇವರು ರಜೆ ಹಾಕಿ ಹೋಗುವಷ್ಟರಲ್ಲಿ ಒಳ್ಳೊಳ್ಳೆಯವೆಲ್ಲ ಖಾಲಿಯಾಗಿ ಒಂದೇ ಒಂದು ಉಳಿದಿತ್ತು. ಅದೂ ಎಲ್ಲರ ಮನೆಯಲ್ಲಿರುವಂಥದ್ದಲ್ಲ. ಪರದೆಯ ಬೆನ್ನಿನಲ್ಲೇ ಯಂತ್ರವನ್ನೆಲ್ಲ ಅಡಗಿಸಿಟ್ಟಿದ್ದರು. ಪಕ್ಕದಲ್ಲಿ ನಿಲ್ಲಿಸುವ ದೊಡ್ಡ ಡಬ್ಬವೇ ಇಲ್ಲ. ಇವರು ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ತುಮಕೂರಿನ ಬಸ್ಸು ಹತ್ತಿದರು. ಕಂಡಕ್ಟರು ಬಂದವನೇ ಟಿ.ವಿ. ಅಂತ ಲಗೇಜ್ ಟಿಕೇಟು ಹರಿದನಂತೆ. ಇವರು "ಟಿ.ವಿ. ಅಲ್ಲಪ್ಪ, ಕಂಪ್ಯೂಟರು" ಅಂದರೆ, "ಕಂಪ್ಯೂಟರ್ ಆದ್ರೆ ಡಬ್ಬ ಎಲ್ಲಿ ಸಾ? ನಮ್ಗೂ ಗೊತ್ತು ಬುಡಿ" ಅಂದನಂತೆ.

ಮನೆಯಲ್ಲೂ ಅದೇ ಮಾತು. ನಮ್ಮ ಅತ್ತೆ ಬೆಡ್‌ಶೀಟು ಬಿಚ್ಚಿದ್ದನ್ನು ನೋಡಿ, ಹಿಂದೆ ಮುಂದೆ ಒಂದು ಸುತ್ತು ಬಂದು, ಮಗನ ಮುಖ ನೋಡಿದರು.

"ಅಲ್ಲ ಕಣೋ, ತಲೆ ಮಾತ್ರ ಕೊಟ್ಟು ಮುಂಡ ಅವ್ರೇ ಇಟ್ಕೊಂಡವ್ರಲ್ಲೋ! ನೋಡಿ ತರ್ಬಾರ್ದಾ?"

"ಇದಕ್ಕೆ ಎಲ್ಲ ತಲೇಲೇ ಇರೋದು ಕಣವ್ವ."

"ಹಂಗಾದ್ರೆ ನಿನಗಿಂತ ವಾಸಿ ಬುಡು," ಅಂದು ಅತ್ತೆ ಒಳಗೆ ಹೋದರು.

ನಮ್ಮ ಅತ್ತೆ ಹುಲಿಯೂರುದುರ್ಗದ ಕಡೆಯವರು. ಅವರ ಮಾತಿಗೆ ಆ ಬೆಟ್ಟದ ಗಾಳಿಯೇ ಇತ್ತು, ಯಾವ ದಿಕ್ಕಿನಿಂದ ಬೀಸುತ್ತದೋ ಹೇಳಲಾಗುತ್ತಿರಲಿಲ್ಲ. ನಾನು ಗುಬ್ಬಿಯವಳು. ತೊಂಬತ್ತರ ದಶಕದ ಮೊದಲಲ್ಲಿ, ಪಿ.ಯು.ಸಿ. ಮುಗಿಸಿ ಗಂಡು ಗೊತ್ತಾಗುವವರೆಗೆ ಏನು ಮಾಡುವುದೆಂದು ತಿಳಿಯದ ನಮ್ಮೂರಿನ ಹುಡುಗಿಯರೆಲ್ಲ ಟೈಪಿಂಗ್ ಕಲಿಯುತ್ತಿದ್ದೆವು. ಹೋಟೆಲೊಂದರ ಮೇಲಿನ ಮಹಡಿಯಲ್ಲಿ ಇನ್‌ಸ್ಟಿಟ್ಯೂಟು. ಕೆಳಗಿನಿಂದ ವಡೆ ಕರಿಯುವ ವಾಸನೆ ಬರುತ್ತಿದ್ದರೆ ಮೇಲೆ ನಮ್ಮ ಬೆರಳುಗಳು ತಾವಾಗಿಯೇ ತಪ್ಪು ಅಕ್ಷರ ಒತ್ತುತ್ತಿದ್ದವು. ನಾನು ಕನ್ನಡ ಜೂನಿಯರ್ರು, ಸೀನಿಯರ್ರು ಎರಡನ್ನೂ ಪಾಸು ಮಾಡಿದೆ. ಮದುವೆಯಾಗಿ ತುಮಕೂರಿಗೆ ಬಂದಮೇಲೆ ಆ ಬೆರಳುಗಳಿಗೆ ಬಹಳ ವರ್ಷ ಅಕ್ಕಿ ಆರಿಸುವ ಕೆಲಸವೇ ಇತ್ತು. ಮಕ್ಕಳು ಸ್ಕೂಲಿಗೆ ಹೋಗಲು ಶುರುಮಾಡಿದ ಮೇಲೆ ಡಿ.ಟಿ.ಪಿ. ಕಲಿತೆ. ಆಮೇಲೆ ಈ ತಲೆಯಿಲ್ಲದ, ಅಲ್ಲ, ತಲೆ ಮಾತ್ರ ಇರುವ ಯಂತ್ರ ಬಂತು.

ಸದಾಶಿವನಗರದ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಕಿಟಕಿಯ ಪಕ್ಕ ಅದಕ್ಕೆ ಜಾಗವಾಯಿತು. ಬಟವಾಡಿಯ ಸಣ್ಣ ಪ್ರೆಸ್ಸೊಂದರ ಮಾಲೀಕರು ನನಗೆ ಕೆಲಸ ಕೊಡತೊಡಗಿದರು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣ, ಶಿವಗಣಾರಾಧನೆಯ ಕರೆಯೋಲೆ, ಮಠಗಳ ಕಾರ್ಯಕ್ರಮದ ಕರಪತ್ರ. ಅವರು ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಕೈಬರಹದ ಹಾಳೆ ಕೊಟ್ಟು ಹೋಗುವರು. ನಾನು ಅಕ್ಷರ ಜೋಡಿಸಿ, ಸುತ್ತ ಬಳ್ಳಿ ಬಿಡಿಸಿ, ಸಂಜೆಗೆ ಸಿ.ಡಿ.ಯಲ್ಲಿ ಹಾಕಿಕೊಡುವೆ. ಲಗ್ನಪತ್ರಿಕೆಯೆಂದರೆ ಸುಮ್ಮನೆ ಅಲ್ಲ. ಯಾರ ಹೆಸರು ಮೇಲೆ, ಯಾರದು ಕೆಳಗೆ, ದೊಡ್ಡಪ್ಪನ ಅಳಿಯ ಯಾವ ಸಾಲಿನಲ್ಲಿ ಅನ್ನುವುದಕ್ಕೇ ಎರಡು ಮನೆಯವರು ನನ್ನ ನಡುಮನೆಯಲ್ಲಿ ಕೂತು ಕಾಫಿ ಕುಡಿದು ಹೋಗಿದ್ದಿದೆ. ಅಲ್ಲಿಯತನಕ ಬೀದಿಯಲ್ಲಿ ನಾನು ಇಂಥವರ ಹೆಂಡತಿ, ಇಂಥವರ ಸೊಸೆ. ಆಮೇಲೆ ಆಟೋದವರು ಕೂಡ "ಪತ್ರಿಕೆ ಮಾಡೋ ಅಕ್ಕನ ಮನೆಯಾ?" ಅಂತ ಕೇಳುವ ಹಾಗಾಯಿತು. ಹೊರಗೆ ತೋರಿಸಿಕೊಳ್ಳದಿದ್ದರೂ ಆ ಮಾತು ಕಿವಿಗೆ ಬಿದ್ದ ದಿನ ಸಾರಿಗೆ ಒಂದು ಚಿಟಿಕೆ ಇಂಗು ಜಾಸ್ತಿ ಬೀಳುತ್ತಿತ್ತು.

ಅತ್ತೆಗೂ ಕ್ರಮೇಣ ಅದರ ಮೇಲೆ ಅಕ್ಕರೆ ಬಂತು. ಮನೆಗೆ ಅನ್ನ ತರುವ ವಸ್ತು ಯಾವುದಾದರೂ ಅವರ ಲೆಕ್ಕದಲ್ಲಿ ಪೂಜೆಗೆ ಸಲ್ಲುವಂಥದ್ದೇ. ಮಗನ ಸ್ಕೂಟರಿಗೆ, ರುಬ್ಬುವ ಗುಂಡಿಗೆ, ಹೊಲಿಗೆ ಮೆಷಿನ್ನಿಗೆ ಸೋಮವಾರ ಪೂಜೆ ಮುಗಿದಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆಯುವುದು ಅವರ ಪದ್ಧತಿ. ಕಂಪ್ಯೂಟರೂ ಆ ಸಾಲಿಗೆ ಸೇರಿತು. ಆದರೆ ಮುಂದೆ ಗಾಜಿದೆ, ಹಚ್ಚಿದರೆ ಸೊಸೆಗೆ ಅಕ್ಷರ ಕಾಣುವುದಿಲ್ಲ ಅನ್ನುವ ವಿವೇಚನೆ ಅವರಿಗಿತ್ತು. ಅದಕ್ಕೆ ಹಿಂದುಗಡೆ ಮೇಲ್ಭಾಗದಲ್ಲಿ, ಸಾಲಾಗಿ ತೂತುಗಳಿದ್ದ ಜಾಗದಲ್ಲಿ, ಹಣೆಗೆ ಹಚ್ಚುವ ಹಾಗೆ ಹಚ್ಚಿ, ಸಾಂಬ್ರಾಣಿ ಹೊಗೆಯನ್ನು ಆ ಕಡೆಗೇ ಬೀಸುತ್ತಿದ್ದರು. ನಾವು ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸಿದ್ದರೂ ಏನೂ ಅನ್ನುತ್ತಿರಲಿಲ್ಲ.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಯಂತ್ರ ಮಂದವಾಯಿತು. ಒಂದು ಬಳ್ಳಿಯನ್ನು ಎಡದಿಂದ ಬಲಕ್ಕೆ ಎಳೆದರೆ ಅದು ಹೊರಟು ಬರುವಷ್ಟರಲ್ಲಿ ನಾನು ಕೊತ್ತಂಬರಿ ಸೊಪ್ಪು ಬಿಡಿಸಿ ಮುಗಿಸಬಹುದಿತ್ತು. ಅದಾದರೂ ಸಹಿಸಬಹುದು, ಕೆಲಸದ ನಡುವೆ ಹೇಳದೆ ಕೇಳದೆ ಆರಿಹೋಗುವುದಕ್ಕೆ ಶುರುಮಾಡಿತು. ಕರೆಂಟು ಇರುತ್ತಿತ್ತು, ಯು.ಪಿ.ಎಸ್. ಇರುತ್ತಿತ್ತು, ಇದು ಮಾತ್ರ ಕಣ್ಣು ಮುಚ್ಚುವುದು. ವಧುವಿನ ಕಡೆಯವರ ಹೆಸರೆಲ್ಲ ಹೊಡೆದು ವರನ ಕಡೆಗೆ ಬರುವಾಗಲೇ ಹೀಗಾಗುತ್ತಿತ್ತೆಂದು ನನಗೆ ಅನುಮಾನ.

ಸಂಕ್ರಾಂತಿ ಇನ್ನೂ ಮುಂದಿತ್ತು. ಅದು ಕಳೆದರೆ ಮದುವೆಗಳ ಸುಗ್ಗಿ. ಪ್ರೆಸ್ಸಿನವರು ಒಂದು ದಿನ ಹಾಳೆ ಕೊಡಲು ಬಂದವರು ಹೊಸ್ತಿಲಲ್ಲೇ ನಿಂತರು.

"ಅಕ್ಕಾವ್ರೆ, ಬೇಜಾರ್ ಮಾಡ್ಕೋಬೇಡಿ. ನಿಮ್ಮಂಗೆ ಅಕ್ಷರ ಜೋಡ್ಸೋರು ತುಮಕೂರಲ್ಲಿ ಇಲ್ಲ, ಒಪ್ತೀನಿ. ಆದ್ರೆ ಸೀಸನ್ನಲ್ಲಿ ಗಿರಾಕಿ ಎದುರಿಗೇ ಕೂತಿರ್ತಾನೆ. ಮೆಷಿನ್ ಆಫ್ ಆಗೋಯ್ತು, ಅಕ್ಕಾವ್ರು ತಿರ್ಗಾ ಹೊಡೀತಾವ್ರೆ ಅಂತ ಎಷ್ಟ್ ಸಲ ಹೇಳ್ಲಿ?"

"ಸರಿಮಾಡಿಸ್ತೀನಿ ಅಣ್ಣ."

"ಸಂಕ್ರಾಂತಿ ಕಳೀಲಿ, ಅಲ್ಲಿವರ್ಗೂ ಕಾಯ್ತೀನಿ. ಆಮೇಲೂ ಹಿಂಗೇ ಅಂದ್ರೆ ಪ್ರೆಸ್ಸಲ್ಲೇ ಒಂದು ಸಿಸ್ಟಂ ಹಾಕಿ ಆಪರೇಟರ್ ಇಟ್ಕೋಬೇಕಾಯ್ತದೆ. ನನ್ನ ಹೊಟ್ಟೆಪಾಡೂ ನೋಡ್ಬೇಕಲ್ಲ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಿದ್ದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಆ ದಿನ ಅನ್ನಕ್ಕೆ ನೀರು ಎಷ್ಟಿಟ್ಟೆನೋ, ಗಂಜಿಯಾಯಿತು. ಅತ್ತೆ ಬಡಿಸಿಕೊಂಡು ಉಂಡರು, ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ವಿಷಯ ಅವರಿಗೆ ಗೊತ್ತಾಗಿದೆ ಎಂದೇ ಅರ್ಥ.

ಸಂಜೆ ಕುಣಿಗಲಿಗೆ ಫೋನು ಮಾಡಿದೆ. ಅಲ್ಲಿ ನಮ್ಮ ನಾದಿನಿ, ಅಂದರೆ ಇವರ ತಂಗಿ, ಗಂಡನ ಮನೆಯಲ್ಲಿದ್ದಳು. ಒಂದು ಟ್ರೈನಿಂಗ್ ಸೆಂಟರಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದಳು. ನಾಲಿಗೆಯಲ್ಲಿ ತಾಯಿಯ ಮಗಳೇ. ನಾನು ಲಕ್ಷಣಗಳನ್ನೆಲ್ಲ ಡಾಕ್ಟರಿಗೆ ಹೇಳುವ ಹಾಗೆ ಹೇಳಿದೆ.

"ಮೆಮೊರಿ ಸಾಲ್ತಿಲ್ಲ ಅತ್ತಿಗೆ. ಇನ್ನೊಂದು ಹಾಕಿದ್ರೆ ಓಡುತ್ತೆ. ಆಫ್ ಆಗೋದು ಯಾಕೆ ಅಂತ ಬಿಚ್ಚಿ ನೋಡ್ಬೇಕು. ನೀವು ಯಾರ ಕೈಗೂ ಕೊಡ್ಬೇಡಿ, ಅಂಗಡಿಯೋರು ಇಂಥದ್ದನ್ನ ನೋಡೇ ಇರಲ್ಲ. ಅಣ್ಣನಿಗೆ ಮೆಮೊರಿ ತರಕ್ಕೆ ಹೇಳಿ, ನಾನೇ ಬರ್ತೀನಿ."

ಇವರು ಶನಿವಾರ ಬೆಂಗಳೂರಿಗೆ ಹೋಗಿ ತಂದರು. ಗೇಣುದ್ದದ ಹಸಿರು ಪಟ್ಟಿ. ಫೋನಿನಲ್ಲಿ ಅದರ ಉದ್ದ ಕೇಳಿದ ಕೂಡಲೇ ನಾದಿನಿ ನಕ್ಕ ಸದ್ದು ಅಡಿಗೆಮನೆಗೂ ಕೇಳಿಸಿತು.

"ಅಣ್ಣ, ಅದು ದೊಡ್ಡ ಡಬ್ಬದ್ದು ಕಣೋ! ಇದಕ್ಕೆ ಲ್ಯಾಪ್‌ಟಾಪಿಂದು ಬೇಕು, ಗಿಡ್ಡ ಇರುತ್ತೆ. ಜಾಗ ಇಲ್ವಲ್ಲ ಒಳಗೆ."

"ಅಂಗಡಿಯೋನು ಕಂಪ್ಯೂಟರ್ರಾ ಅಂದ. ಹೂಂ ಅಂದೆ. ಕೊಟ್ಟ."

"ಮೆಷಿನ್ ಹಿಂದೆ ಅಂಟಿಸಿರೋ ಚೀಟಿಲಿ ಮಾಡೆಲ್ ನಂಬರ್ ಇದೆ. ಅದನ್ನ ಬರ್ಕೊಂಡು ಹೋಗಿ ತೋರ್ಸು. ಬಾಯಲ್ಲಿ ಹೇಳ್ಬೇಡ."

ಅತ್ತೆ ಹಿಂದಿನಿಂದ, "ಸಣ್ಣೋನಿದ್ದಾಗ ಗೋಧಿ ತಾ ಅಂದ್ರೆ ಜೋಳ ತಂದಿದ್ದ. ಈಗ್ಲೂ ಅಂಗೇ ಅವ್ನೆ," ಅಂದರು. ಇವರು ಮುಂದಿನ ವಾರ ಮತ್ತೆ ಹೋದರು. ಈ ಸಲ ಚೀಟಿಯ ನಂಬರನ್ನು ಅಂಗೈಯ ಮೇಲೂ ಬರೆದುಕೊಂಡಿದ್ದರು. ಗಿಡ್ಡನೆಯ ಪಟ್ಟಿ ಬಂತು, ಬೆಳ್ಳಿ ಬಣ್ಣದ ಲಕೋಟೆಯಲ್ಲಿ. ಅದನ್ನು ಬಿಚ್ಚಿ ನೋಡಬಾರದೆಂದು ಕುಣಿಗಲಿನಿಂದ ಕಟ್ಟಪ್ಪಣೆಯಾಗಿತ್ತು. ನಾನು ಅದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಮಧ್ಯೆ ಇಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ಜೋಪಾನವಾದ ಜಾಗ ಇರಲಿಲ್ಲ.

ಭಾನುವಾರ ಬೆಳಿಗ್ಗೆ ನಾದಿನಿ ಮೊದಲ ಬಸ್ಸಿಗೇ ಬಂದಳು. ಇವರು ಮಕ್ಕಳನ್ನು ಕರೆದುಕೊಂಡು ಗುಬ್ಬಿಗೆ, ನನ್ನ ತವರಿಗೆ ಹೊರಟುಹೋದರು. ಹೋಗುವಾಗ "ನಾನಿದ್ರೆ ನಿಮಗೆ ಅಡ್ಡ" ಅಂದರು. ಅದು ನಿಜವೂ ಆಗಿತ್ತು.

ಬಂದವಳು ಬಿಚ್ಚಲಿಲ್ಲ. ಮೊದಲು ನನ್ನ ಕೆಲಸವನ್ನೆಲ್ಲ ಸಿ.ಡಿ.ಗಳಿಗೆ ತುಂಬಿಸಬೇಕೆಂದಳು. "ಒಳಗೆ ಏನೇ ಆಗ್ಲಿ, ನಿಮ್ಮ ಪತ್ರಿಕೆಗಳು ಹೊರಗಿರ್ಬೇಕು. ಮನೆಗೆ ಸುಣ್ಣ ಹೊಡೆಯೋ ಮುಂಚೆ ಪಾತ್ರೆ ಆಚೆ ಇಡಲ್ವ, ಹಂಗೆ." ಯಂತ್ರ ಬಿಸಿಯಾಗಿ ಆರಿಹೋಗದಿರಲೆಂದು ಟೇಬಲ್ ಫ್ಯಾನನ್ನು ಅದರ ಬೆನ್ನಿಗೆ ತಿರುಗಿಸಿ ಕೂತೆವು. ಒಂದೊಂದು ಸಿ.ಡಿ. ತುಂಬುವಷ್ಟರಲ್ಲಿ ಒಂದೊಂದು ಲೋಟ ಕಾಫಿ. ಊರಿನ ಅರ್ಧ ಮದುವೆಗಳು ಆ ಬಿಲ್ಲೆಗಳಲ್ಲಿ ಕೂತವು. ಅವಳು ಕೆಲವನ್ನು ತೆರೆದು ನೋಡಿ, "ಇವ್ರ ಮಗಳಿಗೂ ಮದ್ವೆ ಆಯ್ತಾ? ನಂಗೆ ಕರೀಲೇ ಇಲ್ಲ!" ಅಂತ ಹಳೆಯ ಪತ್ರಿಕೆಗಳ ಮೇಲೆ ಹೊಸದಾಗಿ ಸಿಟ್ಟು ಮಾಡಿಕೊಂಡಳು.

ಆಮೇಲೆ ಆರಿಸಿದಳು, ಪ್ಲಗ್ಗು ಕಿತ್ತಳು, ಕೀಬೋರ್ಡು ಮೌಸುಗಳ ವೈರನ್ನೂ ಬಿಡಿಸಿದಳು. ಕರೆಂಟಿಲ್ಲದ ಯಂತ್ರದ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದಳು.

"ಅದ್ಯಾಕೆ?"

"ಒಳಗೆ ಉಳ್ದಿರೋ ಕರೆಂಟು ಹೋಗ್ಲಿ ಅಂತ. ಪ್ರೆಷರ್ ಕುಕ್ಕರ್ ಆರಿಸಿದ ತಕ್ಷಣ ಮುಚ್ಚಳ ತೆಗೀತೀರಾ? ಇದೂ ಹಂಗೇ."

ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ಬಿತ್ತು. ಒಳ್ಳೆಯ ಕೆಲಸವೆಂದು ನಾನು ಅಂದು ಹೊಸ ನೈಲಾನ್ ಸೀರೆ ಉಟ್ಟಿದ್ದೆ. ಉಡಬೇಕೆಂದು ಹೇಳಿದವರು ಅತ್ತೆಯೇ.

"ಅತ್ತಿಗೆ, ಆ ಸೀರೆ ಬಿಚ್ಚಿ ಕಾಟನ್ ಉಟ್ಕೊಂಡ್ ಬನ್ನಿ."

"ಯಾಕೇ? ಲಕ್ಷಣವಾಗೈತೆ," ಅಂದರು ಅಡಿಗೆಮನೆಯಿಂದ ಅತ್ತೆ.

"ಚಳಿಗಾಲದಲ್ಲಿ ನೈಲಾನ್ ಸೀರೆ ಬಿಚ್ಚುವಾಗ ಚಟಚಟ ಅನ್ನಲ್ವೇನವ್ವ, ಆ ಚಟಚಟ ಸಾಕು, ಮೆಮೊರಿ ಸುಟ್ಟು ಹೋಗುತ್ತೆ. ಕೈಯಿಂದ ಹಾರುತ್ತೆ, ನಮಗೆ ಗೊತ್ತೇ ಆಗಲ್ಲ. ಆ ಬಳೆ, ಉಂಗುರ ಎಲ್ಲ ತೆಗೀಬೇಕು."

ಅತ್ತೆ ಸಾರಿಗೆ ಸೌಟು ಹಾಕಿದ್ದವರು ಸೌಟು ಸಮೇತ ಹೊರಗೆ ಬಂದರು. "ಮುತ್ತೈದೆ ಕೈ ಬರಿದು ಮಾಡ್ಕೊಂಡು ಕೂರದಾ? ನಿನ್ನ ಸೆಂಟರ್ ವಿದ್ಯೆ ನಮ್ಮನೇಲಿ ಬೇಡ ಕಣೇ."

"ಚಿನ್ನದ ಬಳೆ ಒಳಗೆ ತಾಗಿದ್ರೆ—"

"ಗಾಜಿನ ಬಳೆ ಇರ್ಲಿ."

ನಾದಿನಿ ಯೋಚಿಸಿದಳು. ಗಾಜಿಗೆ ಕರೆಂಟಿನ ಭಯವಿಲ್ಲ. "ಗಾಜಿಂದು ಇರ್ಲಿ. ಆದ್ರೆ ಮೇಲಕ್ಕೆ ಏರಿಸಿ ಬಟ್ಟೆ ಕಟ್ಕೊಳ್ಳಿ, ಒಡೆದು ಚೂರು ಒಳಗೆ ಬಿದ್ರೆ ಕಷ್ಟ." ಹೀಗೆ ರಾಜಿಯಾಯಿತು. ನಾನು ಹಳೆಯ ಕೈಮಗ್ಗದ ಸೀರೆ ಉಟ್ಟು, ಗಾಜಿನ ಬಳೆಗಳನ್ನು ಮೊಣಕೈವರೆಗೆ ದೂಡಿ, ಮಗಳ ಕೂದಲ ರಿಬ್ಬನ್ ಸುತ್ತಿಕೊಂಡು, ತಾಳಿಯನ್ನು ರವಿಕೆಯೊಳಗೆ ಸೇರಿಸಿ ಪಿನ್ನು ಹಾಕಿ ಬಂದೆ. ಅತ್ತೆ ನನ್ನನ್ನು ನೋಡಿ, "ಕುಸ್ತಿಗೆ ಹೊರಟಂಗಿದೀಯ" ಅಂದರು.

ಕೆಂಪು ಗಾರೆ ನೆಲದ ಮೇಲೆ ಚಾಪೆ, ಕಂಬಳಿ ಏನೂ ಹಾಸಬಾರದೆಂದು ಅವಳು ಹೇಳಿದ್ದರಿಂದ ಹಳೆಯ ಹತ್ತಿ ಪಂಚೆಗಳನ್ನು ಮಡಿಸಿ ಮೆತ್ತೆ ಮಾಡಿ, ಅದರ ಮೇಲೆ ಕಂಪ್ಯೂಟರನ್ನು ಮುಖ ಅಡಿಯಾಗಿ ಮಲಗಿಸಿದೆವು. ಎಳೆಗೂಸಿಗೆ ಎಣ್ಣೆ ಹಚ್ಚಲು ಬೋರಲು ಹಾಕಿದ ಹಾಗಿತ್ತು. ಸ್ಕ್ರೂಗಳಿಗೆ ಬಟ್ಟಲು ಕೇಳಿದಳು. ನಾನು ಇಡ್ಲಿ ತಟ್ಟೆ ತಂದೆ. ಮೇಲಿನ ಸಾಲಿನ ಸ್ಕ್ರೂಗಳು ಒಂದು ಗುಳಿಯಲ್ಲಿ, ಕೆಳಗಿನವು ಇನ್ನೊಂದರಲ್ಲಿ, ಉದ್ದನೆಯವು ಮಗದೊಂದರಲ್ಲಿ. ಯಾವುದು ಎಲ್ಲಿಯದೆಂದು ಮರೆಯುವ ಮಾತೇ ಇಲ್ಲ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ಆಮೇಲೆ ಕುಣಿಗಲಿನ ಸೆಂಟರಿನಲ್ಲೂ ಒಂದು ಇಡ್ಲಿ ತಟ್ಟೆ ಇಟ್ಟುಕೊಂಡಳು.

ನಡುನಡುವೆ ಅವಳು ಎದ್ದುಹೋಗಿ ಕಿಟಕಿಯಾಚೆಯ ಹಿತ್ತಾಳೆ ನಲ್ಲಿಯನ್ನು ಮುಟ್ಟಿಬರುತ್ತಿದ್ದಳು. ನನಗೂ ಮುಟ್ಟಿಸಿದಳು. ಮೈಯಲ್ಲಿರುವ ಚಟಚಟವೆಲ್ಲ ಅದರಲ್ಲಿ ಇಳಿದುಹೋಗುತ್ತದಂತೆ. ಅತ್ತೆ ಇದನ್ನು ನೋಡಿ, "ಇವ್ಳಿಗೂ ಒಂದು ಮಡಿ ಐತೆ ಅನ್ನು," ಅಂದರು.

ಸ್ಕ್ರೂ ಎಲ್ಲ ಬಿಚ್ಚಿದರೂ ಬೆನ್ನಿನ ತಗಡು ಏಳಲಿಲ್ಲ. ನಾನು ಸ್ಕ್ರೂಡ್ರೈವರ್ ತೂರಿಸಲು ಹೋದೆ. ಅವಳು ಕೈ ಹಿಡಿದಳು. "ಬಲ ಹಾಕ್ಬೇಡಿ. ಬರ್ತಿಲ್ಲ ಅಂದ್ರೆ ಇನ್ನೂ ಎಲ್ಲೋ ಹಿಡ್ಕೊಂಡಿದೆ ಅಂತ." ಹುಡುಕಿದರೆ ಯಂತ್ರ ನಿಲ್ಲುವ ಕಾಲಿನ ಅಡಿಯಲ್ಲಿ ಒಂದು ಸ್ಕ್ರೂ ಅಡಗಿತ್ತು. ಅದನ್ನು ತೆಗೆದು, ಅವಳ ಹಳೆಯ ಫೋನ್ ಕಾರ್ಡೊಂದನ್ನು ಅಂಚಿನುದ್ದಕ್ಕೂ ಎಳೆದಾಗ ಟಕ್ ಟಕ್ ಎಂದು ಬೆನ್ನು ಬಿಟ್ಟುಕೊಂಡಿತು.

ಮೆಲ್ಲಗೆ ಎತ್ತಿದೆವು.

ಒಳಗೆ ಒಂದು ಪುಟ್ಟ ಫ್ಯಾನಿತ್ತು. ಅದರ ರೆಕ್ಕೆಗಳ ಮೇಲೆ, ಪಕ್ಕದ ಸಣ್ಣ ತಗಡಿನ ಹಲ್ಲುಗಳ ನಡುವೆ, ಬೂದುಬಿಳಿ ಬಣ್ಣದ ಗಟ್ಟಿ ಪದರ. ಸಾಂಬ್ರಾಣಿ ಹೊಗೆಯ ಜಿಡ್ಡಿನಲ್ಲಿ ಕಲಸಿ, ಹದವಾಗಿ ಒಣಗಿ, ರೊಟ್ಟಿಯಂತೆ ಕೂತಿತ್ತು. ಗಾಳಿ ಹೋಗಲು ಕೂದಲೆಳೆಯಷ್ಟೂ ಜಾಗವಿಲ್ಲ.

"ಇದು..." ಅಂದಳು ನಾದಿನಿ. ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಅವಳು ಬಾಯಿ ತೆರೆಯುವ ಮೊದಲು ನಾನು ಅವಳ ಕಾಲ ಮೇಲೆ ಕಾಲಿಟ್ಟೆ.

ಅಡಿಗೆಮನೆಯಿಂದ ಅತ್ತೆ ಕೂಗಿದರು. "ಏನಾಯ್ತೇ? ಯಾಕೆ ಉಸಿರೇ ಇಲ್ಲ?"

"ಏನಿಲ್ಲ ಅತ್ತೆ, ಧೂಳು. ಒಳಗೆಲ್ಲ ಧೂಳು ಕೂತಿದೆ."

ಆ ಸಮಾಧಾನಕ್ಕೆ ಅವರು ಅಲ್ಲೇ ಇದ್ದುಬಿಡಬಹುದೆಂದುಕೊಂಡೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದೇ ಬಿಟ್ಟರು. ಬಗ್ಗಿದರು. ಕನ್ನಡಕ ಇಳಿಸಿ ನೋಡಿದರು. ನಾದಿನಿ ಬೇಡವೆನ್ನುವಷ್ಟರಲ್ಲಿ ಅಂಚಿನಲ್ಲಿ ಉದುರಿದ್ದ ಒಂದು ಚಕ್ಕೆಯನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ, ಮೂಗಿನ ಹತ್ತಿರ ಹಿಡಿದರು.

"ಧೂಳಿಗೆ ಈ ವಾಸ್ನೆ ಇರ್ತದಾ?"

ನಾನು ನೆಲ ನೋಡಿದೆ. ನಾದಿನಿಗೆ ಇನ್ನು ತಡೆಯಲಾಗಲಿಲ್ಲ. "ಅವ್ವ, ಒಂದು ಮಠಕ್ಕಾಗೋಷ್ಟು ವಿಭೂತಿ ಇದೆ ಇದ್ರೊಳಗೆ! ಆ ತೂತು ಅದು ಉಸಿರಾಡೋ ಜಾಗ ಕಣವ್ವ. ಮೂಗೊಳಗೇ ವಿಭೂತಿ ಇಟ್ಟಿದೀಯ ನೀನು."

ಕೆಲಸ ಹೋದರೂ ಹೋಗಲಿ, ಈ ಮಾತು ಹೀಗೆ ಆಡಬಾರದಿತ್ತು ಅನ್ನಿಸಿತು. ಅತ್ತೆ ಎದ್ದು ನಿಂತರು. ಒಳಗೆ ಹೋದರು. ದೇವರ ಕೋಣೆಯ ಬಾಗಿಲು ಕಿರ್ರೆಂದಿತು.

"ಹಿಂಗಾ ಹೇಳದು?" ಅಂತ ನಾನು ಪಿಸುಗುಟ್ಟಿದೆ.

"ಮತ್ತೆ ಹೆಂಗೆ ಹೇಳ್ಲಿ? ನಾಳೆ ಸೋಮವಾರ ಅತ್ತಿಗೆ. ನಾವು ಇವತ್ತು ಕ್ಲೀನ್ ಮಾಡೋದು, ನಾಳೆ ಅವ್ವ ತಿರ್ಗಾ ಹಚ್ಚೋದು. ನೀವಾಗಿ ನೀವು ಯಾವತ್ತೂ ಹೇಳಲ್ಲ. ಅಷ್ಟೊತ್ತಿಗೆ ಪ್ರೆಸ್ಸಿನೋರು ಆಪರೇಟರ್ ಇಟ್ಕೊಂಡಿರ್ತಾರೆ."

ಅದು ಸರಿಯೇ. ಅವಳು ಹತ್ತಿಯ ಬತ್ತಿಯಿಂದ ಒರೆಸಲು ಶುರುಮಾಡಿದಳು, ಏನೂ ಏಳಲಿಲ್ಲ. ಆಗ ಅತ್ತೆ ಹೊರಗೆ ಬಂದರು. ಒಂದು ಕೈಯಲ್ಲಿ ವಿಭೂತಿ ತಟ್ಟೆ, ಖಾಲಿ ಮಾಡಿ ತೊಳೆದದ್ದು. ಇನ್ನೊಂದರಲ್ಲಿ ಮಗನಿಗೆಂದು ತಂದು ಬೀರುವಿನಲ್ಲಿಟ್ಟಿದ್ದ, ಇನ್ನೂ ನೀರು ಮುಟ್ಟದ ಶೇವಿಂಗ್ ಬ್ರಷ್ಷು.

"ಇದ್ರಲ್ಲಿ ಉಜ್ಜು. ಮೆತ್ತಗೈತೆ," ಅಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತರು. "ಆದ್ರೆ ನೆಲಕ್ಕೆ ಬೀಳಿಸ್ಬೇಡ್ರಮ್ಮ. ವಿಭೂತಿ ತುಳೀಬಾರ್ದು. ನಾನು ತಟ್ಟೆ ಹಿಡೀತೀನಿ."

ನಾದಿನಿ ತಾಯಿಯನ್ನೂ ಬಿಡಲಿಲ್ಲ. ಏಳಿಸಿ ನಲ್ಲಿ ಮುಟ್ಟಿಸಿಕೊಂಡು ಬಂದಳು. ನಾನು ಬೆರಳಿನಿಂದ ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದುಕೊಂಡೆ, ಅವಳು ಬ್ರಷ್ಷಿನಿಂದ ಉಜ್ಜಿದಳು, ಅತ್ತೆ ಯಂತ್ರವನ್ನು ಓರೆ ಮಾಡಿದ ಕಡೆಗೆಲ್ಲ ತಟ್ಟೆ ಒಡ್ಡಿದರು. ಚಕ್ಕೆ ಚಕ್ಕೆಯಾಗಿ ಬಿತ್ತು. ನಡುವೆ ಒಂದು ಮಾತು ಅಂದರು, ನನಗೋ ಮಗಳಿಗೋ ಅಲ್ಲ, ಯಂತ್ರಕ್ಕೆ ಹೇಳಿದ ಹಾಗೆ. "ಒಳ್ಳೇದಾಗ್ಲಿ ಅಂತ ಹಚ್ದೆ ಕಣಪ್ಪ. ಒಳಕ್ಕೆ ಹೋಯ್ತದೆ ಅಂತ ಯಾರ್ಗೆ ಗೊತ್ತಿತ್ತು."

"ನಂಗೂ ಗೊತ್ತಿರಲಿಲ್ಲ ಅತ್ತೆ," ಅಂದೆ.

"ನೀನು ಗೊತ್ತಿದ್ರೂ ಹೇಳ್ತಿರ್ಲಿಲ್ಲ ಬುಡು," ಅಂದರು. ಅದರಲ್ಲಿ ಸಿಟ್ಟಿರಲಿಲ್ಲ.

ತಟ್ಟೆಯಲ್ಲಿ ಬಿದ್ದದ್ದನ್ನು ಅವರು ಹಿತ್ತಲಿಗೆ ಒಯ್ದು ಬಿಲ್ವಪತ್ರೆ ಗಿಡದ ಬುಡಕ್ಕೆ ಹಾಕಿ ನೀರೆರೆದು ಬಂದರು. ಈ ಹೊತ್ತಿಗೆ ನಾದಿನಿ ಕರೆಂಟು ಬರುವ ಭಾಗದ ಮೇಲಿನ ಇನ್ನೊಂದು ತಗಡು ಮುಚ್ಚಳವನ್ನು ತೋರಿಸಿ, "ಇದನ್ನ ಮಾತ್ರ ಯಾವ ಕಾಲಕ್ಕೂ ಬಿಚ್ಬೇಡಿ, ಪ್ಲಗ್ ಕಿತ್ತಿದ್ರೂ ಒಳಗೆ ಶಾಕ್ ಉಳ್ದಿರುತ್ತೆ" ಅಂತ ಪಾಠ ಹೇಳಿ, ಬೀರುವಿನಿಂದ ಬೆಳ್ಳಿ ಲಕೋಟೆ ತರಿಸಿದಳು. ಮೆಮೊರಿ ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿಯಬೇಕು, ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಮುಟ್ಟಬಾರದು. ಹಾಕುವುದು ನನ್ನ ಕೈಗೇ ಬಿಟ್ಟಳು. "ನಿಮ್ಮ ಮೆಷಿನ್ನು, ನೀವೇ ಹಾಕಿ." ಪಟ್ಟಿಯನ್ನು ಓರೆಯಾಗಿ ತೂರಿಸಿ, ಮೆಲ್ಲಗೆ ಒತ್ತಿ ಮಲಗಿಸಿದೆ. ಇದೇ ಕೈಯಲ್ಲಿ ಹಳೆಯ ಡಿಸ್ಕನ್ನೂ ಬದಲಾಯಿಸಿಬಿಡಬಹುದಿತ್ತಲ್ಲ ಅಂತ ಕೇಳಿದ್ದಕ್ಕೆ, "ಒಂದು ಸಲಕ್ಕೆ ಒಂದೇ ಅತ್ತಿಗೆ. ಎರಡು ಬದಲಾಯ್ಸಿ ಕೆಟ್ರೆ ಯಾವುದ್ರಿಂದ ಕೆಡ್ತು ಅಂತ ಗೊತ್ತಾಗಲ್ಲ," ಅಂದಳು.

ಬೆನ್ನು ಮುಚ್ಚುವ ಮೊದಲು ಒಮ್ಮೆ ಆನ್ ಮಾಡಿ ನೋಡುವ ಆಸೆ ನನಗೆ. ಅವಳು ಒಪ್ಪಲಿಲ್ಲ. ಇಡ್ಲಿ ತಟ್ಟೆಯ ಗುಳಿಗಳು ಒಂದೊಂದಾಗಿ ಖಾಲಿಯಾದವು, ಒಂದು ಸ್ಕ್ರೂ ಕೂಡ ಮಿಕ್ಕಲಿಲ್ಲ. ನಿಲ್ಲಿಸಿ, ಪ್ಲಗ್ಗು ಹಾಕಿ, ಗುಂಡಿ ಒತ್ತಿದೆ.

ಪರದೆ ಕಪ್ಪಗೇ ಇತ್ತು. ಒಳಗಿನಿಂದ ಬೀಪ್, ಬೀಪ್, ಬೀಪ್ ಎಂದು ಕೂಗಿಕೊಂಡಿತು.

ಸಂಕ್ರಾಂತಿ, ಪ್ರೆಸ್ಸಿನವರು, ಬಟವಾಡಿಯಲ್ಲಿ ನನ್ನ ಜಾಗದಲ್ಲಿ ಕೂತ ಯಾರೋ ಆಪರೇಟರು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂದರು. ಅತ್ತೆ, "ಅಳ್ತಾ ಐತಲ್ಲೇ," ಅಂದರು.

ನಾದಿನಿ ಮಾತ್ರ ಪ್ಲಗ್ಗು ಕಿತ್ತು, ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. "ಅಳ್ಲಿ ಬಿಡು, ಅತ್ರೆ ಜೀವ ಇದೆ ಅಂತ. ಮೆಮೊರಿ ಸರಿಯಾಗಿ ಕೂತಿಲ್ಲ, ಅಷ್ಟೆ. ಅತ್ತಿಗೆ ಹೆದ್ರಿಕೊಂಡು ಒತ್ತಿದಾರೆ." ಮತ್ತೆ ಪಂಚೆಯ ಮೇಲೆ ಬೋರಲು, ಮತ್ತೆ ಇಡ್ಲಿ ತಟ್ಟೆ, ಮತ್ತೆ ನಲ್ಲಿ. ಈ ಸಲ ಪಟ್ಟಿಯನ್ನು ತೆಗೆದು ಮತ್ತೆ ತೂರಿಸಿ, ಎರಡು ಪಕ್ಕದ ಕೊಕ್ಕೆಗಳು ಟಿಕ್ ಅನ್ನುವವರೆಗೆ ಒತ್ತಿದೆ. ಟಿಕ್ ಅಂದದ್ದು ಮೂವರಿಗೂ ಕೇಳಿಸಿತು.

ಗುಂಡಿ ಒತ್ತಿದಾಗ ಬೆಳಕಾಯಿತು. ಅದಕ್ಕಿಂತ ಹೆಚ್ಚಾಗಿ, ಬೆನ್ನಿನಿಂದ ಒಂದು ಸದ್ದು ಬಂತು, ಫ್ಯಾನು ಸರಾಗವಾಗಿ ತಿರುಗುವ ಸದ್ದು. ಅಷ್ಟು ದಿನ ಆ ಸದ್ದೇ ಇರಲಿಲ್ಲವೆಂಬುದು ನನಗೆ ಆಗಲೇ ತಿಳಿದದ್ದು. ಅತ್ತೆ ತೂತುಗಳ ಮುಂದೆ ಅಂಗೈ ಹಿಡಿದು ನೋಡಿ, "ಉಸಿರು ಬಿಡ್ತಾ ಐತೆ" ಅಂದರು. ಸಾರು ಅಷ್ಟರಲ್ಲಿ ತಳ ಹಿಡಿದಿತ್ತು. ನಾವು ಮೂವರೂ ಅದನ್ನೇ ಉಂಡೆವು. ನಾದಿನಿ ಸಂಜೆಯ ಬಸ್ಸಿಗೆ ಕುಣಿಗಲಿಗೆ ಹೊರಟಳು.

ಮರುದಿನ ಸೋಮವಾರ ಪೂಜೆ ಮುಗಿಸಿ ಅತ್ತೆ ಸ್ಕೂಟರಿಗೆ ಹಚ್ಚಿದರು, ರುಬ್ಬುವ ಗುಂಡಿಗೆ ಹಚ್ಚಿದರು, ಹೊಲಿಗೆ ಮೆಷಿನ್ನಿಗೆ ಹಚ್ಚಿದರು. ನಾನು ಬಾಗಿಲ ಮರೆಯಿಂದ ನೋಡುತ್ತಲೇ ಇದ್ದೆ. ಕಂಪ್ಯೂಟರಿನ ಮೇಜಿನ ಹತ್ತಿರ ಬಂದು ನಿಂತರು. ಬಗ್ಗಿ ಮೇಜಿನ ಕಾಲಿಗೆ ಮೂರು ಗೆರೆ ಎಳೆದು, ಧೂಪವನ್ನು ಸೆರಗಿನಿಂದ ಆಚೆಗೆ ಬೀಸಿಕೊಂಡು ಒಳಗೆ ಹೋದರು.

ಪ್ರೆಸ್ಸಿನವರು ಸಂಕ್ರಾಂತಿಯ ಎಳ್ಳು ಬೆಲ್ಲ ತಿನ್ನಲು ಬಂದಾಗ ಪರೀಕ್ಷೆಗೆಂದೇ ಒಂದು ದೊಡ್ಡ ಲಗ್ನಪತ್ರಿಕೆ ತಂದಿದ್ದರು. ಎರಡೂ ಕಡೆಯವರು ದೊಡ್ಡ ಬಳಗದವರು, ಹೆಸರುಗಳ ಸಂತೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. ನಾನು ಹೊಡೆಯುತ್ತ ಹೋದೆ. ವಧುವಿನ ಕಡೆ ಮುಗಿಯಿತು, ವರನ ಕಡೆ ಶುರುವಾಯಿತು, ಅದೂ ಮುಗಿಯಿತು. ಬಳ್ಳಿ ಎಳೆದರೆ ಕೈಯ ಹಿಂದೆಯೇ ಓಡಿ ಬಂತು.

"ಏನ್ ಮಾಡ್ಸಿದ್ರಿ ಅಕ್ಕಾವ್ರೆ? ಬೇರೆ ಮೆಷಿನ್ನಾ?"

ನಾನು ಮೆಮೊರಿ ಹಾಕಿದೆವು ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಫಿ ತಂದ ಅತ್ತೆ ತಾವೇ ಹೇಳಿಬಿಟ್ಟರು.

"ಅದರ ಮೂಗು ಕಟ್ಟಿತ್ತು ಕಣಪ್ಪ. ಕಟ್ಟಿದ್ದೋಳು ನಾನೇ, ಬುಡ್ಸಿದ್ದೋಳೂ ನಾನೇ. ಆಪರೇಟರ್ ಗೀಪರೇಟರ್ ಅಂತ ಹುಡುಕಕ್ಕೆ ಹೋಗ್ಬೇಡ, ನಮ್ಮ ಸೊಸೆ ಅವ್ಳೆ."

ಅವರು ನಗುತ್ತ ಕಾಫಿ ಕುಡಿದು, ಚೀಲದಿಂದ ಇನ್ನಷ್ಟು ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟು, ಸ್ಕೂಟರ್ ಹತ್ತಿದರು.

ಒಂದು ತೊಂದರೆ ಮಾತ್ರ ಉಳಿಯಿತು. ಹಿಂದೆ ಅದು ಆರಿಹೋದಾಗಲೆಲ್ಲ ನಾನು ಎದ್ದು, ಬಟ್ಟೆ ಒಣಹಾಕಿ, ಅಕ್ಕಿ ತೊಳೆದು, ಸೊಂಟ ನೆಟ್ಟಗೆ ಮಾಡಿಕೊಂಡು ಬರುತ್ತಿದ್ದೆ. ಈಗ ಅದು ಆರುವುದೇ ಇಲ್ಲ. ಆ ದಿನ ಮಧ್ಯಾಹ್ನ ಪತ್ರಿಕೆಯ ಮೇಲೆ ಪತ್ರಿಕೆ ಮಾಡುತ್ತ ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಒಳಗಿನಿಂದ ಅತ್ತೆ ತಟ್ಟೆ ಇಡುವ ಸದ್ದಾಯಿತು.

"ಮಗಾ, ಎದ್ದು ಬಾ ಉಣ್ಣುವಂತೆ. ಅದಕ್ಕೂ ಒಸಿ ಸುಧಾರಿಸ್ಕೊಳ್ಳಕ್ಕೆ ಬುಡು."

"ಒಂದೇ ಸಾಲು ಅತ್ತೆ, ಬಂದೆ," ಅಂದೆ. ಇನ್ನೂ ವರನ ಸೋದರಮಾವಂದಿರು ಬಾಕಿ ಇದ್ದರು.